ಮನೆಯ ಹಿರಿಯರು ಸೊರಗುತ್ತಿದ್ದರೆ ಏನು ನೋಡಬೇಕು, ಏನು ಮಾಡಬೇಕು

"ವಯಸ್ಸಾಯ್ತಲ್ಲ, ಸೊರಗೋದು ಇದ್ದದ್ದೇ." ಎಪ್ಪತ್ತು ದಾಟಿದವರ ಬಗ್ಗೆ ಈ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಯಾಕೆ ಸೊರಗಿದರು ಅಂತ ಯಾರೂ ಹುಡುಕಲು ಹೋಗುವುದೇ ಇಲ್ಲ. ಬಳೆ ಮೊಣಕೈವರೆಗೆ ಜಾರುತ್ತದೆ. ರವಿಕೆಯ ತೋಳು ಸಡಿಲವಾಗುತ್ತದೆ. ಬೆಲ್ಟಿಗೆ ಹೊಸ ತೂತು ಬೀಳುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಲ್ಲಿ ಅಲ್ಲಾಡುತ್ತದೆ. ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಹೋಗಿಬಿಡುತ್ತದೆ.

ವಯಸ್ಸಿನ ಪಾಲು ಇಲ್ಲ ಅನ್ನುತ್ತಿಲ್ಲ. ಸ್ನಾಯು ನಿಧಾನವಾಗಿ ಕರಗುವುದು ಎಲ್ಲರಿಗೂ ಆಗುತ್ತದೆ. ಆದರೆ ಅದು ಒಂದು ಮಿತಿ ದಾಟಿ ಕುರ್ಚಿಯಿಂದ ಏಳುವುದೇ ಕಷ್ಟವಾದರೆ ಡಾಕ್ಟರುಗಳು ಅದನ್ನು ಸಾರ್ಕೊಪೀನಿಯಾ ಎನ್ನುತ್ತಾರೆ, ಈಗ ಅದನ್ನು ಕಾಯಿಲೆಗಳ ಸಾಲಿಗೇ ಸೇರಿಸಿದ್ದಾರೆ. ಇನ್ನು ಆರು ತಿಂಗಳಲ್ಲಿ ಮೂರು ನಾಲ್ಕು ಕೆಜಿ ಇಳಿದರೆ ಅದಕ್ಕೆ ವಯಸ್ಸು ಕಾರಣ ಅಲ್ಲವೇ ಅಲ್ಲ. ಒಂದೋ ಊಟ ಸಾಲುತ್ತಿಲ್ಲ, ಇಲ್ಲವೇ ಒಳಗೇನೋ ಕಾಯಿಲೆ ಇದೆ, ಬಹಳ ಸಲ ಎರಡೂ ಇರುತ್ತವೆ. ದೇಶದ ಹಿರಿಯರ ಬಗ್ಗೆ 2017-18ರಲ್ಲಿ ನಡೆದ ಲಾಸಿ ಸಮೀಕ್ಷೆಯಲ್ಲಿ 60 ದಾಟಿದವರ ಪೈಕಿ ಶೇ. 27ರಷ್ಟು ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಅಷ್ಟು ಜನರನ್ನು ಸುಮ್ನೆ "ವಯಸ್ಸು" ಅಂತ ಬಿಟ್ಟುಬಿಡಲು ಆಗುತ್ತಾ?

ಏನು ಮಾಡಬೇಕು ಅನ್ನುವುದನ್ನು ಕ್ರಮವಾಗಿ ಬರೆದಿದ್ದೇನೆ. ಅಪ್ಪ ಅಮ್ಮನನ್ನೋ, ಅತ್ತೆ ಮಾವನನ್ನೋ ನೋಡಿಕೊಳ್ಳುವವರು ಇದನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಅಳತೆ, ಆಮೇಲೆ ಕಾರಣ, ಆಮೇಲೆ ಊಟ. ನೇರ ಅಂಗಡಿಗೆ ಹೋಗಿ ಪ್ರೋಟೀನ್ ಪುಡಿಯ ಡಬ್ಬಿ ತಂದಿಡುವವರೇ ಜಾಸ್ತಿ, ಅದು ಕೊನೆಗೆ ಮಾಡುವ ಕೆಲಸ.

ಮೊದಲು ಅಳೆಯಿರಿ

ತೂಕದ ಯಂತ್ರ ಮನೆಯಲ್ಲಿರಲಿ. ತಿಂಗಳಿಗೆ ಒಮ್ಮೆ, ಬೆಳಗ್ಗೆ, ತಿಂಡಿಗೆ ಮೊದಲು, ಅದೇ ಯಂತ್ರದಲ್ಲಿ ತೂಕ ನೋಡಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪ್ರಯತ್ನಪಡದೆ ಆರು ತಿಂಗಳೊಳಗೆ ಶೇ. 5ರಷ್ಟು ಇಳಿದರೆ, ಅಂದರೆ 60 ಕೆಜಿ ಇದ್ದವರು 57ಕ್ಕೆ ಬಂದರೆ, ಡಾಕ್ಟರ ಹತ್ತಿರ ಹೋಗಲು ಅಷ್ಟು ಕಾರಣ ಸಾಕು. ಶೇ. 10 ಇಳಿದಿದ್ದರೆ ತಡ ಮಾಡಲೇಬೇಡಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರು ಮೂರು ತಿಂಗಳು ದೊಡ್ಡ ಮಗನ ಮನೆ, ಮೂರು ತಿಂಗಳು ಚಿಕ್ಕವನ ಮನೆ, ಆಮೇಲೆ ಮಗಳ ಮನೆ ಅಂತ ಸುತ್ತುತ್ತಿರುತ್ತಾರೆ. ಪ್ರತಿ ಮನೆಯವರೂ "ನಮ್ಮಲ್ಲಿಗೆ ಬಂದಾಗಲೇ ಹೀಗಿದ್ರು" ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ನೋಟ್‌ಬುಕ್ ಮಾತ್ರೆ ಡಬ್ಬಿಯ ಜೊತೆಗೇ ಮನೆಯಿಂದ ಮನೆಗೆ ಹೋಗಲಿ. ಯಂತ್ರ ಬೇರೆ ಬೇರೆಯಾದರೆ ಒಂದು ಕೆಜಿ ಹೆಚ್ಚುಕಡಿಮೆ ತೋರಿಸಬಹುದು, ಪರವಾಗಿಲ್ಲ. ಆರು ತಿಂಗಳ ಅಂಕಿ ಸಾಲಾಗಿ ಕಂಡರೆ ಸಾಕು.

ಎರಡನೆಯ ಅಳತೆ ಮೀನಖಂಡದ್ದು. ಕುರ್ಚಿಯ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಟೇಲರ್ ಟೇಪನ್ನು ಮೀನಖಂಡದ ಅತಿ ದಪ್ಪ ಜಾಗಕ್ಕೆ ಸುತ್ತಿ, ಬಿಗಿ ಎಳೆಯಬೇಡಿ. ಏಷ್ಯಾದ ಜನರಿಗಾಗಿ ತಜ್ಞರು 2019ರಲ್ಲಿ ಕೊಟ್ಟ ಗಡಿ ಹೀಗಿದೆ: ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33. ಅದಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕರಗಿರಬಹುದು ಅಂತ ಅನುಮಾನಪಡಬೇಕು. ಕಾಲು ಊದಿಕೊಂಡಿದ್ದರೆ ಮಾತ್ರ ಈ ಅಳತೆ ನಂಬಬೇಡಿ. ಟೇಪು ಇಲ್ಲದಿದ್ದರೆ ಜಪಾನಿನಲ್ಲಿ ಬಳಸುವ ಒಂದು ಉಪಾಯ ಇದೆ. ಅವರೇ ತಮ್ಮ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಜೋಡಿಸಿ ಒಂದು ಬಳೆ ಮಾಡಿ, ಅದನ್ನು ಮೀನಖಂಡಕ್ಕೆ ಹಾಕಿ ನೋಡಲಿ. ಬೆರಳು ಕೂಡುವುದೇ ಇಲ್ಲ ಅಂದರೆ ಒಳ್ಳೆಯದು. ಕೂಡಿ, ಇನ್ನೂ ಸಂದು ಉಳಿದರೆ ಎಚ್ಚರ.

ಮೂರನೆಯದು ಬಲದ ಪರೀಕ್ಷೆ. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಎದ್ದು ಕೂರಲು ಹೇಳಿ, ಫೋನಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾಲಿನ ಬಲ ಕುಂದಿದೆ ಅಂತ ಅರ್ಥ. ಒಮ್ಮೆಯೂ ಏಳಲಾಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಪಕ್ಕದಲ್ಲಿ ನೀವು ನಿಂತಿರಿ, ಬೀಳಬಾರದು.

ಅಮೆರಿಕದಲ್ಲೋ ದುಬೈನಲ್ಲೋ ಕೂತು ಅಮ್ಮನ ಜೊತೆ ವಿಡಿಯೊ ಕಾಲ್ ಮಾಡುವವರಿಗೆ ಈ ಕುರ್ಚಿ ಪರೀಕ್ಷೆ ತುಂಬಾ ಉಪಯೋಗ. ಫೋನಿನಲ್ಲಿ ಮುಖ ಮಾತ್ರ ಕಾಣುತ್ತದೆ. ಮುಖ ದುಂಡಗೇ ಇರಬಹುದು, ತೊಡೆ ಬಡಕಲಾಗಿರಬಹುದು. ಮನೆಯಲ್ಲಿ ಯಾರಾದರೂ ಫೋನ್ ಹಿಡಿದು ಪಕ್ಕದಲ್ಲಿ ನಿಲ್ಲಲಿ, ಅಮ್ಮ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ದಪ್ಪಗಿದ್ದಾರೆ ಅಂತ ಸುಮ್ಮನಾಗಬೇಡಿ ಅನ್ನುವುದನ್ನೂ ಇಲ್ಲೇ ಸೇರಿಸುತ್ತೇನೆ. ಹೊಟ್ಟೆ ಇದ್ದು ಕೈಕಾಲು ಕಡ್ಡಿಯಾದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಕೊಬ್ಬಿನ ಹಿಂದೆ ಸ್ನಾಯು ಕರಗಿದ್ದು ಗೊತ್ತಾಗುವುದಿಲ್ಲ. ಕುರ್ಚಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮೂರು ದಿನ ಏನು ತಿಂದರು, ಬರೆಯಿರಿ

"ಚೆನ್ನಾಗೇ ತಿಂತಾರೆ" ಅನ್ನುವ ಮಾತು ಲೆಕ್ಕಕ್ಕಿಲ್ಲ. ಬರೆದೇ ನೋಡಬೇಕು. ತಟ್ಟೆಗೆ ಹಾಕಿದ್ದಲ್ಲ, ಹೊಟ್ಟೆಗೆ ಹೋದದ್ದು.

ಬರೆದಾಗ ಸಾಮಾನ್ಯವಾಗಿ ಸಿಗುವ ಪಟ್ಟಿ ಇದು. ಬೆಳಗ್ಗೆ ಕಾಫಿ, ಎರಡು ಇಡ್ಲಿ. ಹನ್ನೊಂದಕ್ಕೆ ಮತ್ತೆ ಕಾಫಿ. ಮಧ್ಯಾಹ್ನ ಸ್ವಲ್ಪ ಅನ್ನ, ತಿಳಿಸಾರು, ಮಜ್ಜಿಗೆ. ಸಂಜೆ ಟೀ, ಎರಡು ಬಿಸ್ಕತ್ತು. ರಾತ್ರಿ "ಹೊಟ್ಟೆ ಭಾರ" ಅಂತ ಒಂದು ಲೋಟ ಗಂಜಿ. ಹೊಟ್ಟೆ ತುಂಬಿದ ಹಾಗೇ ಕಾಣುತ್ತದೆ, ಮೂರು ಹೊತ್ತೂ ತಿಂದಿದ್ದಾರೆ. ಆದರೆ ಇದರಲ್ಲಿರುವ ಪ್ರೋಟೀನ್ ಕೂಡಿಸಿದರೆ 25 ಗ್ರಾಂ ಮುಟ್ಟುವುದೂ ಕಷ್ಟ.

ಬೇಕಾದದ್ದು ಎಷ್ಟು? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಶಿಫಾರಸಿನಲ್ಲಿ ದೊಡ್ಡವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂದಿದೆ. ವಯಸ್ಸಾದವರ ದೇಹ ಅಷ್ಟೇ ಪ್ರೋಟೀನಿನಿಂದ ಹರೆಯದವರಷ್ಟು ಸ್ನಾಯು ಕಟ್ಟುವುದಿಲ್ಲ, ಹಾಗಾಗಿ ಹಿರಿಯರ ಪೋಷಣೆಯ ತಜ್ಞರು ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. ಕಾಯಿಲೆ ಬಿದ್ದು ಎದ್ದವರಿಗೆ 1.2ರಿಂದ 1.5. ಅಂದರೆ ಕಾಯಿಲೆ ಇಲ್ಲದ 55 ಕೆಜಿಯ ಅಜ್ಜಿಗೆ ದಿನಕ್ಕೆ 55ರಿಂದ 66 ಗ್ರಾಂ. ಅವರಿಗೆ ಸಿಗುತ್ತಿರುವುದು ಅದರ ಅರ್ಧವೂ ಇಲ್ಲ.

ಬರೀ ಪ್ರೋಟೀನ್ ಕೂಡಿಸಿದರೂ ಸಾಲದು. ಒಟ್ಟು ಊಟವೇ ಕಡಿಮೆಯಾದರೆ ದೇಹ ತಿಂದ ಪ್ರೋಟೀನನ್ನೂ ಶಕ್ತಿಗೆ ಉರಿಸಿಬಿಡುತ್ತದೆ. ಒಲೆಗೆ ಸೌದೆ ಇಲ್ಲ ಅಂತ ಮನೆಯ ಕುರ್ಚಿ ಮುರಿದು ಹಾಕಿದ ಹಾಗೆ. ಕೆಜಿ ತೂಕಕ್ಕೆ ಸುಮಾರು 30 ಕ್ಯಾಲೊರಿ ಅನ್ನುವುದು ಅಂದಾಜು ಲೆಕ್ಕ, 55 ಕೆಜಿಗೆ 1,650. ಹಾಗಾಗಿ ತುಪ್ಪ, ಎಣ್ಣೆ, ಶೇಂಗಾ, ಕಾಯಿ ತುರಿ ಕಂಡು ಹೆದರಬೇಡಿ. ಸೊರಗಿದವರಿಗೆ ಅವೇ ದಾರಿ.

ಯಾಕೆ ತಿನ್ನುತ್ತಿಲ್ಲ, ಕೇಳಿ

ಇದೇ ಹೆಚ್ಚು ಸಮಯ ಬೇಡುವ ಹಂತ, ಹೆಚ್ಚಿನವರು ಹಾರಿಬಿಡುವ ಹಂತವೂ ಇದೇ. "ಹಸಿವಿಲ್ಲ" ಅನ್ನುವುದು ಕಾರಣ ಅಲ್ಲ. ಹಸಿವು ಯಾಕಿಲ್ಲ ಅಂತ ನೋಡಬೇಕು.

ಬಾಯಿಂದ ಶುರು ಮಾಡಿ. ಹಲ್ಲು ನೋಯುತ್ತಾ, ಸೆಟ್ಟು ಸಡಿಲವಾಗಿದೆಯಾ, ನಾಲಿಗೆ ಮೇಲೆ ಬಿಳಿ ಪದರ ಇದೆಯಾ, ಬಾಯಿ ಒಣಗುತ್ತಾ? ತೂಕ ಇಳಿದಾಗ ವಸಡೂ ಕುಗ್ಗುತ್ತದೆ, ಹಳೆಯ ಸೆಟ್ಟು ಕೂರುವುದಿಲ್ಲ. ಆಗ ಕಾಳು, ಚಪಾತಿ, ಮಾಂಸ ಒಂದೊಂದಾಗಿ ತಟ್ಟೆಯಿಂದ ಹೋಗುತ್ತವೆ, ಅನ್ನ ಸಾರು ಉಳಿಯುತ್ತದೆ. ಊಟ ಮಾಡುವಾಗ ಪದೇ ಪದೇ ನೆತ್ತಿಗೆ ಹತ್ತುತ್ತಿದ್ದರೆ, ನುಂಗಿದ ಮೇಲೆ ದನಿ ಗೊರಗೊರ ಅನ್ನುತ್ತಿದ್ದರೆ ಅದು ನುಂಗುವ ತೊಂದರೆ, ಮನೆಮದ್ದಿನಿಂದ ಹೋಗುವುದಲ್ಲ.

ಆಮೇಲೆ ಮಾತ್ರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೆಲವರಿಗೆ ಹಸಿವು ಕೊಲ್ಲುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು. ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ನುಂಗಿದರೂ ಬಿ12ಕ್ಕೆ ಪೆಟ್ಟು. ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಾದರೆ ತೂಕ ಇಳಿಯುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮೈಯಲ್ಲಿ ಜಾಸ್ತಿಯಾದರೆ ಊಟ ಕಂಡರೆ ವಾಕರಿಕೆ. ವಿಟಮಿನ್ ಡಿಯ 60,000 ಯೂನಿಟ್ಟಿನ ಸ್ಯಾಚೆಟ್ಟನ್ನು ಡಾಕ್ಟರು ಕೆಲವು ವಾರಕ್ಕೆ ಬರೆದರೆ ವರ್ಷಗಟ್ಟಲೆ ಅಂಗಡಿಯಿಂದ ತಂದು ಕುಡಿಯುವವರೂ ಇದ್ದಾರೆ. ಅದು ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹಸಿವೇ ಸಾಯುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿ, ಆಯುರ್ವೇದದ ಚೂರ್ಣವನ್ನೂ ಸೇರಿಸಿ, ಡಾಕ್ಟರ ಮುಂದೆ ಸುರಿಯಿರಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಕಾರಣಗಳು. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತದೆ ಅಂತ ಸಂಜೆ ಆರರ ಮೇಲೆ ಏನನ್ನೂ ಮುಟ್ಟದ ಹೆಂಗಸರಿದ್ದಾರೆ. ಮಲಬದ್ಧತೆಯ ಹೆದರಿಕೆಯಿಂದ ಊಟ ಬಿಡುವವರಿದ್ದಾರೆ. ಮಂಡಿನೋವಿನಿಂದ ಒಲೆ ಮುಂದೆ ನಿಲ್ಲಲಾಗದೆ, ಒಬ್ಬರೇ ಇರುವ ಮನೆಯಲ್ಲಿ ಬ್ರೆಡ್ಡು ಟೀಯಲ್ಲೇ ದಿನ ಕಳೆಯುವವರಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಬಾರದ ಗಂಡಸರ ಪಾಡು ಇನ್ನೂ ಕಷ್ಟ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ಅಭ್ಯಾಸ ಎಂಬತ್ತಾದರೂ ಹೋಗದ ಅಮ್ಮಂದಿರಂತೂ ಮನೆ ಮನೆಯಲ್ಲಿ. ಸೊಸೆಗೆ ಹೊರೆಯಾಗಬಾರದು ಅಂತ "ಸಾಕು, ಸಾಕು" ಅನ್ನುವವರ ಸಾಕು ನಿಜವಾದ ಸಾಕಲ್ಲ. ಜೊತೆಗೆ ಕೂತು ಊಟ ಮಾಡಿ, ಎರಡನೇ ಸಲ ಬಡಿಸಿ, ಆಗ ಗೊತ್ತಾಗುತ್ತದೆ.

ಮನಸ್ಸಿನ ಖಿನ್ನತೆ ಹಿರಿಯರಲ್ಲಿ ಅಳುವಿನ ರೂಪದಲ್ಲಿ ಬರುವುದು ಕಡಿಮೆ. "ರುಚಿ ಇಲ್ಲ, ಯಾಕೆ ಬೇಕು" ಅನ್ನುವ ರೂಪದಲ್ಲಿ ಬರುತ್ತದೆ. ಮರೆವಿನ ಕಾಯಿಲೆ ಇದ್ದರೆ ತಿಂದೆನೋ ಇಲ್ಲವೋ ಅನ್ನುವುದೇ ನೆನಪಿರುವುದಿಲ್ಲ.

ಹಳೆಯ ಪಥ್ಯದ ಚೀಟಿಯನ್ನೂ ತೆಗೆದು ನೋಡಿ. ಐವತ್ತೈದನೇ ವಯಸ್ಸಿನಲ್ಲಿ, ಎಂಬತ್ತು ಕೆಜಿ ಇದ್ದಾಗ, ಕೊಲೆಸ್ಟರಾಲಿಗೆ ಅಂತ ಬರೆದುಕೊಟ್ಟ ಚೀಟಿಯನ್ನು ಎಪ್ಪತ್ತೆಂಟನೇ ವಯಸ್ಸಿನಲ್ಲಿ, ನಲವತ್ತೆಂಟು ಕೆಜಿಗೆ ಇಳಿದ ಮೇಲೂ ನಿಷ್ಠೆಯಿಂದ ಪಾಲಿಸುತ್ತಿರುತ್ತಾರೆ. ಮೊಟ್ಟೆ ಬೇಡ, ತುಪ್ಪ ಬೇಡ, ಕಾಯಿ ಬೇಡ, ಶೇಂಗಾ ಬೇಡ, ಬಾಳೆಹಣ್ಣು ಬೇಡ. ಹಾಗಾದರೆ ಏನು ತಿನ್ನಬೇಕು? ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ಕೂಡ ಸೊರಗುತ್ತಿರುವ ಹಿರಿಯರಿಗೆ ಊಟ ಕಡಿಮೆ ಮಾಡಿಸುವಂಥ ಪಥ್ಯ ಬೇಡ ಅನ್ನುತ್ತದೆ. ಆ ಚೀಟಿ ಈಗಲೂ ಬೇಕಾ ಅಂತ ಡಾಕ್ಟರನ್ನು ನೇರ ಕೇಳಿ.

ತೂಕ ಇಳಿಯುವುದರ ಜೊತೆಗೆ ಸಂಜೆ ಜ್ವರ, ಬಿಡದ ಕೆಮ್ಮು, ನುಂಗಲು ಕಷ್ಟ, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಎಲ್ಲಾದರೂ ಗಂಟು, ವಿಪರೀತ ಬಾಯಾರಿಕೆ ಇದ್ದರೆ ಊಟದ ಪ್ರಯೋಗ ಮಾಡುತ್ತಾ ಕೂರಬೇಡಿ. ಕ್ಷಯ, ಕ್ಯಾನ್ಸರ್, ಹಿಡಿತ ತಪ್ಪಿದ ಸಕ್ಕರೆ, ಥೈರಾಯ್ಡ್, ಇವೆಲ್ಲ ಸೊರಗುವಿಕೆಯಿಂದಲೇ ಶುರುವಾಗಬಹುದು. ರಕ್ತಪರೀಕ್ಷೆಯಲ್ಲಿ ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಸರಿ ಇದೆ ಅಂತ ಸಮಾಧಾನಪಟ್ಟುಕೊಳ್ಳುವವರಿಗೆ ಒಂದು ಮಾತು: ಅಲ್ಬುಮಿನ್ ಸೋಂಕು, ಉರಿಯೂತದಿಂದಲೂ ಏರುಪೇರಾಗುತ್ತದೆ. ಪೋಷಣೆ ಅಳೆಯಲು ತೂಕದ ಪಟ್ಟಿಯೇ ಅದಕ್ಕಿಂತ ನಂಬಿಕಸ್ಥ.

ಈಗ ತಟ್ಟೆ ಬದಲಿಸಿ

ಹೊಸ ಅಡುಗೆ ಬೇಡ. ಇರುವ ಅಡುಗೆಯನ್ನೇ ಗಟ್ಟಿ ಮಾಡಿದರೆ ಸಾಕು.

ಸಾರು ಬಡಿಸುವಾಗ ಸೌಟು ತಳಕ್ಕೆ ಹೋಗಲಿ. ಬೇಳೆಯೆಲ್ಲ ತಳದಲ್ಲಿ, ಹಿರಿಯರ ತಟ್ಟೆಗೆ ಮೇಲಿನ ತಿಳಿ. ಬಸ್ಸಾರು ಮಾಡುವ ಮನೆಗಳಲ್ಲಿ ಇನ್ನೂ ಒಂದು ಆಗುತ್ತದೆ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಿಂದ ಸಾರು, ಕಾಳಿನಿಂದ ಪಲ್ಯ. ಹಲ್ಲಿಲ್ಲದ ಅಜ್ಜ ಪಲ್ಯ ಬಿಟ್ಟು ಸಾರು ಮುದ್ದೆ ತಿಂದು ಎದ್ದರೆ ಪ್ರೋಟೀನ್ ಎಲ್ಲ ಬಾಣಲೆಯಲ್ಲೇ ಉಳಿಯಿತು. ಅವರ ಪಾಲಿನ ಪಲ್ಯವನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸಾರಿಗೇ ಸೇರಿಸಿ.

ರಾಗಿಯ ಬಗ್ಗೆ ನಮಗೆ ಅಭಿಮಾನ ಇದೆ, ಇರಲಿ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ಆದರೆ ಪ್ರೋಟೀನ್ ಬರೀ 7 ಗ್ರಾಂ. ಅಂಬಲಿ ಕುಡಿದರೆ ಸ್ನಾಯು ಬರುವುದಿಲ್ಲ. ಮುದ್ದೆಯ ಜೊತೆ ಹುರುಳಿಕಾಳು, ಅವರೆಕಾಳು, ಮೊಟ್ಟೆ ಅಥವಾ ಕೋಳಿ ಸಾರು ಇದ್ದರೆ ಮಾತ್ರ ಊಟ ಪೂರ್ತಿ. ಉತ್ತರ ಕರ್ನಾಟಕದ ಕಡೆ ಜೋಳದ ರೊಟ್ಟಿ ಅಗಿಯಲಾಗದವರಿಗೆ ಮುರಿದು ಬೇಳೆಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡಿ. ಜುಣಕ ಮೆತ್ತಗಿರುತ್ತದೆ, ಕಡಲೆಹಿಟ್ಟಿನದ್ದು, ಹಲ್ಲಿಲ್ಲದವರಿಗೆ ಹೇಳಿ ಮಾಡಿಸಿದ್ದು. ಮೊಸರಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕಲಸಿದರೂ ಆಯಿತು. ಕರಾವಳಿಯಲ್ಲಿ ಬಂಗುಡೆಯ ಮುಳ್ಳು ಬಿಡಿಸಿ ಕೊಟ್ಟರೆ 100 ಗ್ರಾಂ ಮೀನಿಗೆ 20 ಗ್ರಾಂ ಹತ್ತಿರ ಪ್ರೋಟೀನ್, ಬೇರೆ ಲೆಕ್ಕವೇ ಬೇಡ.

ಲೆಕ್ಕ ಹಾಕಲು ಅಂದಾಜು ಇಟ್ಟುಕೊಳ್ಳಿ: ಒಂದು ಮೊಟ್ಟೆ 6 ಗ್ರಾಂ, 200 ಮಿಲಿ ಹಾಲು 6ರಿಂದ 7, 30 ಗ್ರಾಂ ಬೇಳೆ ಅಥವಾ ಕಾಳು 6ರಿಂದ 7, ಒಂದು ಹಿಡಿ ಶೇಂಗಾ 7, 50 ಗ್ರಾಂ ಪನೀರ್ 9, 30 ಗ್ರಾಂ ಒಣ ಸೋಯಾ ಚಂಕ್ಸ್ 15, ಎರಡು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ 7.

ಒಂದೇ ಹೊತ್ತಿಗೆ ಸುರಿದರೆ ಪ್ರಯೋಜನ ಕಡಿಮೆ, ಹೊತ್ತಿಗೆ 20 ಗ್ರಾಂ ಮೇಲೆ ಬರುವ ಹಾಗೆ ಹಂಚಿ. ನಮ್ಮ ತಿಂಡಿಯೇ ಎಲ್ಲಕ್ಕಿಂತ ದುರ್ಬಲ. ಉಪ್ಪಿಟ್ಟು, ಅವಲಕ್ಕಿ, ಇಡ್ಲಿ, ಬರೀ ಹಿಟ್ಟು. ಸಸ್ಯಾಹಾರಿಗಳಾದರೆ ಹೆಸರುಬೇಳೆ ದೋಸೆ, ಪಕ್ಕಕ್ಕೆ ಗಟ್ಟಿ ಮೊಸರು, ಶೇಂಗಾ ಚಟ್ನಿ. ತಿನ್ನುವವರಾದರೆ ಜೊತೆಗೊಂದು ಮೊಟ್ಟೆ. ಮಧ್ಯಾಹ್ನ ಅನ್ನಕ್ಕೆ ಗಟ್ಟಿ ಬೇಳೆ ಹುಳಿ, ಮೇಲೆ ತುಪ್ಪ, ಕೊನೆಗೆ ನೀರು ಮಜ್ಜಿಗೆ ಬದಲು ಮೊಸರು. ಸಂಜೆ ಬಿಸ್ಕತ್ತಿನ ಬದಲು ಹಾಲಿಗೆ ಹುರಿಗಡಲೆ ಹಿಟ್ಟು, ಬೆಲ್ಲ. ರಾತ್ರಿ ಮೆತ್ತಗಿನ ಚಪಾತಿ, ಪನೀರ್ ಪಲ್ಯ, ಮಲಗುವಾಗ ಹಾಲು. ಇಷ್ಟಾದರೆ ದಿನಕ್ಕೆ 70 ಗ್ರಾಂ ಆಸುಪಾಸು ಬರುತ್ತದೆ. ಗಂಜಿಯೇ ಬೇಕು ಅನ್ನುವವರಿಗೆ ಗಂಜಿಯನ್ನೇ ಕೊಡಿ. ಆದರೆ ಅಕ್ಕಿಯ ಜೊತೆ ಹೆಸರುಬೇಳೆ ಹಾಕಿ ಕುಕ್ಕರಿನಲ್ಲಿ ಕರಗುವಷ್ಟು ಬೇಯಿಸಿ, ಹಾಲಿನ ಪುಡಿ, ತುಪ್ಪ ಸೇರಿಸಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಅರ್ಧ ಬಟ್ಟಲಿನಲ್ಲೇ ಒಂದು ಬಟ್ಟಲಿನ ಸತ್ವ ಹೆಚ್ಚುಕಡಿಮೆ ಸಿಗುತ್ತದೆ. ಸ್ವಲ್ಪವೇ ತಿನ್ನುವವರಿಗೆ ಇದು ಬಹಳ ಅನುಕೂಲ.

ಮೂರು ದೊಡ್ಡ ಊಟಕ್ಕಿಂತ ಐದಾರು ಸಣ್ಣದು ಒಳ್ಳೆಯದು. ಊಟಕ್ಕೆ ಮೊದಲು ಕಾಫಿ, ದೊಡ್ಡ ಲೋಟ ನೀರು ಬೇಡ. ನಾಲಿಗೆಯ ರುಚಿ ಮಂದವಾಗಿರುತ್ತದೆ, ಹಾಗಾಗಿ ಒಗ್ಗರಣೆ, ನಿಂಬೆಹುಳಿ, ಶುಂಠಿ, ಪುದೀನ ಕೈಬಿಚ್ಚಿ ಹಾಕಿ. ಸಪ್ಪೆ ಊಟ ಯಾರಿಗೆ ಸೇರುತ್ತೆ?

ಕಾಲ್ ಸೂಪ್ ಬಗ್ಗೆ ಕೇಳುವವರು ತುಂಬಾ ಜನ. ಬಿಸಿಬಿಸಿ ಕುಡಿದರೆ ಹಿತ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಬರುವುದು ಹೆಚ್ಚಾಗಿ ಜೆಲಟಿನ್. ಸ್ನಾಯು ಕಟ್ಟಲು ಬೇಕಾದ ಅಂಶ ಅದರಲ್ಲಿ ಕಡಿಮೆ. ಸೂಪಿನ ದುಡ್ಡಿಗೆ ನಾಲ್ಕಾರು ಮೊಟ್ಟೆ ಬರುತ್ತವೆ.

ವ್ರತಗಳ ಮಾತು ಸೂಕ್ಷ್ಮ. ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ದ್ವಿದಳ ಇಲ್ಲ. ಲೆಕ್ಕ ಹಾಕಿ ನೋಡಿದರೆ ನಾಲ್ಕೂ ತಿಂಗಳು ದಾರಿ ಇದೆ: ಮೊಸರು ಬಿಟ್ಟಾಗ ಹಾಲು, ಹಾಲು ಬಿಟ್ಟಾಗ ಮೊಸರು ಮತ್ತು ಬೇಳೆ, ಬೇಳೆ ಬಿಟ್ಟಾಗ ಹಾಲು ಮೊಸರು ಎರಡೂ ಜಾಸ್ತಿ. ಆದರೆ ಬಿಟ್ಟದ್ದರ ಜಾಗಕ್ಕೆ ಏನನ್ನೂ ತುಂಬದೆ ಇರುವುದೇ ನಡೆಯುವುದು. ನಿರಾಹಾರ ಏಕಾದಶಿ, ವಾರದ ಒಪ್ಪತ್ತು ಇಟ್ಟುಕೊಂಡವರು ಸಕ್ಕರೆ ಕಾಯಿಲೆಯ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮಾಡಲೇಬಾರದು. ವೃದ್ಧರಿಗೆ, ರೋಗಿಗಳಿಗೆ ವಿನಾಯಿತಿ ಸಂಪ್ರದಾಯದಲ್ಲೇ ಇದೆ. ಮಗ ಹೇಳಿದರೆ ಕೇಳುವುದಿಲ್ಲ, ಪುರೋಹಿತರ ಬಾಯಿಂದ ಹೇಳಿಸಿ.

ಅಂಗಡಿಯ ಪುಡಿ ಬೇಕೇ ಬೇಕಾದರೆ ಡಬ್ಬಿಯ ಹಿಂಭಾಗ ಓದಿ. ಒಂದು ಸಲಕ್ಕೆ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಸಕ್ಕರೆ? ಚಾಕೊಲೇಟ್ ರುಚಿಯ ಎಷ್ಟೋ ಮಾಲ್ಟ್ ಪುಡಿಗಳಲ್ಲಿ ಒಂದು ಲೋಟಕ್ಕೆ ಒಂದು ಮೊಟ್ಟೆಯಷ್ಟೂ ಪ್ರೋಟೀನ್ ಇರುವುದಿಲ್ಲ.

ಯಾರಿಗೆ ಈ ಲೆಕ್ಕ ನಡೆಯುವುದಿಲ್ಲ

ತೀವ್ರ ಕಿಡ್ನಿ ತೊಂದರೆ ಇದ್ದು ಇನ್ನೂ ಡಯಾಲಿಸಿಸ್ ಶುರುವಾಗದವರು ಪ್ರೋಟೀನ್ ಏರಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಡಯಾಲಿಸಿಸ್ ಶುರುವಾದವರಿಗೆ ಉಲ್ಟಾ, ಜಾಸ್ತಿಯೇ ಬೇಕು. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಜೊತೆಗೇ ಪ್ರೋಟೀನ್ ತಿಂದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಸಮಯ ಹೊಂದಿಸಿಕೊಳ್ಳಬೇಕು.

ಇನ್ನೊಂದು, ಇದು ಅಪಾಯದ್ದು. ಐದಾರು ದಿನ, ವಾರ, ಹತ್ತಿರ ಹತ್ತಿರ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ ಕುಸಿದು ಜೀವಕ್ಕೇ ಕುತ್ತಾಗಬಹುದು. ಅಂಥವರಿಗೆ ಊಟ ಶುರು ಮಾಡುವುದು ಡಾಕ್ಟರ ಕಣ್ಣೆದುರಿಗೆ, ಸ್ವಲ್ಪ ಸ್ವಲ್ಪವಾಗಿ.

ಏಳಿಸಿ, ಕೂರಿಸಿ, ಮತ್ತೆ ಏಳಿಸಿ

ಊಟ ಎಷ್ಟೇ ಚೆನ್ನಾಗಿದ್ದರೂ ಸ್ನಾಯುವಿಗೆ ಕೆಲಸ ಕೊಡದಿದ್ದರೆ ಅದು ಬೆಳೆಯುವುದಿಲ್ಲ. ಪಾರ್ಕಿನಲ್ಲಿ ಎರಡು ಸುತ್ತು ನಡೆದರೆ ಹೃದಯಕ್ಕೆ ಒಳ್ಳೆಯದು, ತೊಡೆಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಮೂರು ದಿನ ಸಮತೋಲದ ವ್ಯಾಯಾಮ ಮಾಡಬೇಕು ಅನ್ನುತ್ತದೆ.

"ಈ ವಯಸ್ಸಿನಲ್ಲಿ ಇನ್ನೆಂಥ ವ್ಯಾಯಾಮ" ಅನ್ನುವವರಿಗೆ 1990ರ ಒಂದು ಅಧ್ಯಯನ ಹೇಳಿ. ಅಮೆರಿಕದ ಬೋಸ್ಟನ್‌ನ ಒಂದು ಆರೈಕೆ ಕೇಂದ್ರದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದವರಲ್ಲಿ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ತೊಡೆಯ ಸ್ನಾಯುವೂ ಶೇ. 9ರಷ್ಟು ದಪ್ಪವಾಯಿತು.

ಶುರು ಮಾಡಲು ಕುರ್ಚಿ ಸಾಕು. ಗೋಡೆಗೆ ಒತ್ತಿದ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಸ್ವಲ್ಪ ಸುಧಾರಿಸಿ ಮತ್ತೆ ಐದು. ಏಳಲಾಗದಿದ್ದರೆ ಸೀಟಿನ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರಿಸಿ, ಮೊದಮೊದಲು ಕೈ ಊರಲಿ. ವಾರ ವಾರ ಏರಿಸುತ್ತಾ ಹತ್ತರ ಮೂರು ಸುತ್ತಿಗೆ ತನ್ನಿ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕೂತಲ್ಲೇ ಮಂಡಿ ನೇರ ಮಾಡುವುದು, ಅಭ್ಯಾಸವಾದ ಮೇಲೆ ಅರ್ಧ ಕೆಜಿ ಅಕ್ಕಿಯ ಚೀಲವನ್ನು ಕಾಲಿನ ಗಿಣ್ಣಿಗೆ ಕಟ್ಟಿಕೊಂಡು. ಗೋಡೆಗೆ ಕೈ ಒತ್ತಿ ಮುಂದೆ ಬಾಗಿ ಹಿಂದೆ ತಳ್ಳುವುದು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಇಲ್ಲದಿದ್ದರೆ ಅದು ವ್ಯಾಯಾಮ ಆಗಲಿಲ್ಲ. ಉಸಿರು ಬಿಗಿಹಿಡಿಯಬಾರದು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಬಿದ್ದವರು ಮೊದಲು ಡಾಕ್ಟರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣಲಿ. ಮುಗಿದ ಮೇಲೆ ಒಂದು ಲೋಟ ಹಾಲು.

ಇಲ್ಲಿ ಮಕ್ಕಳ ಪ್ರೀತಿಯೇ ಅಡ್ಡ ಬರುತ್ತದೆ. ಹಳ್ಳಿಯಲ್ಲಿ ನೆಲಕ್ಕೆ ಕೂತು ಏಳುತ್ತಾ, ಬಾವಿ ಕಟ್ಟೆಗೆ ಓಡಾಡುತ್ತಾ ಇದ್ದ ಅಮ್ಮನನ್ನು ಬೆಂಗಳೂರಿನ ಫ್ಲ್ಯಾಟಿಗೆ ಕರೆತಂದು ಸೋಫಾದಲ್ಲಿ ಕೂರಿಸಿ "ನೀನು ಸುಮ್ನೆ ಕೂತ್ಕೊಳಮ್ಮ, ಎಲ್ಲ ನಾವು ಮಾಡ್ತೀವಿ" ಅನ್ನುತ್ತೇವೆ. ಆರು ತಿಂಗಳಲ್ಲಿ ಅಮ್ಮನ ತೊಡೆ ಕರಗುತ್ತದೆ. ಬಟ್ಟೆ ಮಡಚಿ ಬೀರುವಿಗೆ ಇಡಲಿ, ಗಿಡಕ್ಕೆ ನೀರು ಹಾಕಲಿ, ಬಾಗಿಲು ಬೆಲ್ಲಾದರೆ ಅವರೇ ಏಳಲಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇರಲಿ.

ಆಸ್ಪತ್ರೆ ಸೇರಿದಾಗ

ಎಷ್ಟೋ ತಿಂಗಳು ಕಾಪಾಡಿಕೊಂಡ ಸ್ನಾಯು ಒಂದು ಆಸ್ಪತ್ರೆ ವಾಸದಲ್ಲಿ ಹೋಗಿಬಿಡುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ, ಸರಾಸರಿ 67 ವಯಸ್ಸಿನ ಜನರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದಲೇ ಸುಮಾರು 1 ಕೆಜಿ ಕೊಬ್ಬುರಹಿತ ತೂಕ ಹೋಯಿತು. ಕಾಯಿಲೆ ಇಲ್ಲದವರ ಕಥೆ ಇದು, ಡೆಂಗಿಯೋ ನ್ಯುಮೋನಿಯಾವೋ ಬಂದವರಿಗೆ ಇನ್ನೂ ಜಾಸ್ತಿ.

ಆಸ್ಪತ್ರೆಯಲ್ಲಿ ಮೂರು ಕೆಲಸ ಮಾಡಿ. ಡಾಕ್ಟರು ಒಪ್ಪಿದ ಕ್ಷಣದಿಂದ ಪ್ರತಿ ಊಟಕ್ಕೂ ಹಾಸಿಗೆಯಿಂದ ಕುರ್ಚಿಗೆ ಬರಲಿ. ಸ್ಕ್ಯಾನಿಗೆ ಅಂತ ಬೆಳಗಿನಿಂದ ಉಪವಾಸ ಇರಿಸಿ, ಸ್ಕ್ಯಾನ್ ಮುಂದಕ್ಕೆ ಹೋದರೆ ಊಟ ಕೊಡಬಹುದಾ ಅಂತ ನೀವೇ ಕೇಳಿ, ಯಾರಿಗೂ ನೆನಪಿರುವುದಿಲ್ಲ. ಮತ್ತು ಡಯೆಟಿಷಿಯನ್ ಬೇಕು ಅಂತ ಹೇಳಿ.

ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ "ಪಥ್ಯ" ಅಂತ ಸಪ್ಪೆ ಸಾರನ್ನ ಹಾಕುವ ಪದ್ಧತಿ ಇದೆಯಲ್ಲ, ಡಾಕ್ಟರು ನಿರ್ದಿಷ್ಟವಾಗಿ ಹೇಳದಿದ್ದರೆ ಅದನ್ನು ಬಿಟ್ಟುಬಿಡಿ. ಮೂಳೆ, ಗಾಯ ಕೂಡುವಾಗಲೇ ಪ್ರೋಟೀನ್ ಹೆಚ್ಚು ಬೇಕಾಗುವುದು.

ಮತ್ತೆ ಅಳೆಯಿರಿ

ತಿಂಗಳಿಗೊಮ್ಮೆ ತೂಕ, ಮೀನಖಂಡ, ಕುರ್ಚಿ ಪರೀಕ್ಷೆ. ಬಲ ಮೊದಲು ಬರುತ್ತದೆ, ಎರಡು ಮೂರು ತಿಂಗಳಲ್ಲಿ ಕುರ್ಚಿಯಿಂದ ಏಳುವುದು ಹಗುರವಾಗಬೇಕು. ತೂಕ ನಿಧಾನ. ಒಂದು ತಿಂಗಳು ಸರಿಯಾಗಿ ಮಾಡಿದರೂ ತೂಕ ಇಳಿಯುತ್ತಲೇ ಇದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ಹಿಂದೆ ಸಿಗದ ಕಾರಣ ಈಗ ಸಿಗಬಹುದು.

ಕಾಯಿಲೆ ಕೊನೆಯ ಹಂತ ಮುಟ್ಟಿದವರಿಗೆ, ಮರೆವಿನ ಕಾಯಿಲೆ ತೀರಾ ಮುಂದುವರಿದವರಿಗೆ ಈ ಗ್ರಾಂ ಲೆಕ್ಕ ಹಿಡಿದು ಹಿಂಸೆ ಕೊಡಬೇಡಿ. ಬಾಯಿ ಮುಚ್ಚಿಕೊಂಡರೆ ಚಮಚ ತುರುಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಇಷ್ಟವಾದದ್ದು ಎರಡು ತುತ್ತು ಸಾಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಹಿರಿಯರ ಕ್ಲಿನಿಕ್ ಇರುತ್ತದೆ, ವಿಚಾರಿಸಿ. ಒಬ್ಬರೇ ಇರುವ ಹಿರಿಯರಿಗೆ, ಮನೆಯವರು ಊಟ ಹಾಕದೆ ಕಾಡುತ್ತಿರುವವರಿಗೆ 14567 ಹಿರಿಯರ ಸಹಾಯವಾಣಿ ಇದೆ, ಉಚಿತ. ಡಾಕ್ಟರ ಹತ್ತಿರ ಹೋಗುವಾಗ ತೂಕದ ನೋಟ್‌ಬುಕ್, ಮೂರು ದಿನದ ಊಟದ ಪಟ್ಟಿ, ಮಾತ್ರೆಗಳ ಚೀಲ, ಹಲ್ಲಿನ ಸೆಟ್ಟು, ನಾಲ್ಕನ್ನೂ ತೆಗೆದುಕೊಂಡು ಹೋಗಿ. ಹಿರಿಯರನ್ನು ಹೊರಗೆ ಕೂರಿಸಿ ನೀವೇ ಎಲ್ಲ ಹೇಳಬೇಡಿ, ಅವರೂ ಒಳಗೆ ಬರಲಿ, ಅವರೇ ಮಾತಾಡಲಿ.